ನಾಲ್ಕು ಬೆರಳಿನ ಸಂದು

“ಇಬ್ಬರಿಗೂ ಒಳ್ಳೇದಾಗಲಿ ಅಂತ ನಡುವ ನಿಂತವ ಇಬ್ಬರಿಗೂ ಯಾಕ ಬ್ಯಾಡಾಗತಾನ್ರಿ, ಅಜ್ಜಾರ?”

ಗದಿಗೆಪ್ಪ ಮಠದ ಕಟ್ಟೆಯ ಮೇಲೆ ಕುಳಿತು ಗುರುಗಳನ್ನು ಹೀಗೆ ಕೇಳಿದ. ಕೇಳುವಾಗ ಅವರ ಮುಖ ನೋಡಲಿಲ್ಲ, ನೆಲ ನೋಡಿದ.

ಅವನು ಮೂವತ್ತು ವರ್ಷ ಬಸ್ಸಿನ ಕಂಡಕ್ಟರನಾಗಿದ್ದು ನಿವೃತ್ತನಾದವನು. ಹೆಂಡತಿ ತೀರಿಕೊಂಡು ಐದು ವರ್ಷವಾಗಿತ್ತು. ಒಬ್ಬನೇ ಮಗ ಪಕ್ಕದ ತಾಲ್ಲೂಕಿನಲ್ಲಿ ಸಂಸಾರ ಹೂಡಿದ್ದ. ಮಗನಿಗೂ ಸೊಸೆಗೂ ಆಗಾಗ ಮಾತಿಗೆ ಮಾತು ಬೆಳೆಯುತ್ತಿತ್ತು. ಅದು ಕಿವಿಗೆ ಬಿದ್ದಂದಿನಿಂದ, ಅಂದರೆ ಮೂರು ವರ್ಷಗಳಿಂದ, ಗದಿಗೆಪ್ಪ ಪ್ರತಿ ಸೋಮವಾರ ಮೊದಲ ಬಸ್ಸಿಗೆ ಅಲ್ಲಿಗೆ ಹೋಗುತ್ತಿದ್ದ. ಶುಕ್ರವಾರ ಹಿಂತಿರುಗಿ ತನ್ನ ಮನೆಯ ಬೀಗ ತೆಗೆಯುತ್ತಿದ್ದ. ಅಲ್ಲಿದ್ದಷ್ಟು ದಿನ ಅವನಿಗೆ ಒಂದೇ ಕೆಲಸ. ಅಡುಗೆಮನೆಯ ಮಾತನ್ನು ಪಡಸಾಲೆಗೆ ತರುವುದು, ಪಡಸಾಲೆಯ ಮಾತನ್ನು ಅಡುಗೆಮನೆಗೆ ಒಯ್ಯುವುದು. ದಾರಿಯಲ್ಲಿ ಮಾತಿನ ಮುಳ್ಳು ತೆಗೆಯುತ್ತಿದ್ದ. ಮುಳ್ಳು ತೆಗೆದ ಮೇಲೆ ಏನೂ ಉಳಿಯದಿದ್ದರೆ ತಾನೇ ಏನಾದರೂ ಸೇರಿಸುತ್ತಿದ್ದ. ಅವಳು ನಿನಗೆಂದೇ ಪಲ್ಯ ತೆಗೆದಿಟ್ಟಿದ್ದಳು ಎಂದು ಮಗನಿಗೆ ಹೇಳುತ್ತಿದ್ದ. ತೆಗೆದಿಟ್ಟವನು ತಾನೇ. ಅವನು ನಿನ್ನೆ ನಿನ್ನ ನೆನೆದು ಕಣ್ಣೀರು ಹಾಕಿದ ಎಂದು ಸೊಸೆಗೆ ಹೇಳುತ್ತಿದ್ದ. ಮಗ ನಿನ್ನೆಯೆಲ್ಲ ಗೊರಕೆ ಹೊಡೆದಿದ್ದ.

ಇದೆಲ್ಲ ಒಂದು ದಿನ ಬಯಲಾಗಲೇಬೇಕಿತ್ತು, ಆಯಿತು. ಹೋದ ಗುರುವಾರ ಮಗ ಸೊಸೆ ಇಬ್ಬರೂ ಒಟ್ಟಿಗೆ ಅವನ ಮೇಲೆ ತಿರುಗಿಬಿದ್ದರು. ಯಾರು ಏನು ಅಂದರು, ಯಾರು ಏನು ಅನ್ನಲಿಲ್ಲ ಎಂಬುದೇ ಈಗ ಅವರಿಗೆ ತಿಳಿಯದಾಗಿತ್ತು. ಒಬ್ಬರ ನಿಜವಾದ ಒಳ್ಳೆಯ ಮಾತನ್ನೂ ಇನ್ನೊಬ್ಬರು ನಂಬುತ್ತಿರಲಿಲ್ಲ. ಸೊಸೆ ತವರಿಗೆ ಹೋಗುತ್ತೇನೆಂದು ಬಟ್ಟೆ ಕಟ್ಟಿಟ್ಟಿದ್ದಳು. ನಾಳೆ ಸೋಮವಾರ. ಹೋಗಬೇಕೋ ಬೇಡವೋ ಗದಿಗೆಪ್ಪನಿಗೆ ಗೊತ್ತಾಗಲಿಲ್ಲ. ಹೋಗದಿದ್ದರೆ ಮಗನ ಮನೆ ಮುರಿಯುತ್ತದೆ ಎಂಬ ಭಯ ಅವನಿಗೆ.

“ಸಾಕಾಗೇತ್ರಿ” ಎಂದ.

ಗುರುಗಳಿಗೂ ಸಾಕಾಗಿತ್ತು. ಬೆಳಗಿನಿಂದ ಜನ ಬಂದು ತಮ್ಮ ತಮ್ಮ ಹೊರೆಯನ್ನು ಅವರ ಮುಂದೆ ಇಳಿಸಿ, ಹಗುರಾಗಿ ಎದ್ದು ಹೋಗಿದ್ದರು. ಉಪದೇಶ ಮಾಡುವುದೆಂದರೆ ಗುರುಗಳಿಗೆ ಮೊದಲಿನಿಂದಲೂ ಬೇಸರ. ಉಪದೇಶ ಕೇಳಿದವರು ತಲೆಯಾಡಿಸುತ್ತಾರೆ, ಮನೆಗೆ ಹೋಗಿ ಮೊದಲಿನಂತೆಯೇ ಇರುತ್ತಾರೆ. ಕತೆಯಾದರೆ ಮರೆಯುವುದಕ್ಕಾದರೂ ಸ್ವಲ್ಪ ದಿನ ಹಿಡಿಯುತ್ತದೆ. ಅವರು ಕಾಲು ಚಾಚಿ, ಗೋಡೆಗೆ ಒರಗಿ, ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ತಗಡಿನ ಮಿಸ್ತ್ರಿ ಇದ್ದ. ಹೆದ್ದಾರಿಯ ಪಕ್ಕದಲ್ಲಿ ಅವನ ಶೆಡ್ಡು. ಗುದ್ದಿಸಿಕೊಂಡು ಬಂದ ವಾಹನಗಳ ನೆಗ್ಗು ತೆಗೆಯುವುದು, ತೂತು ಮುಚ್ಚುವುದು ಅವನ ಕಸುಬು. ಅವನ ಕೈ ಒಳ್ಳೆಯದು. ಅದು ಅವನಿಗೂ ಗೊತ್ತಿತ್ತು, ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು. ತಾನು ಮುಚ್ಚಿದ ಸಂದಿನಲ್ಲಿ ಬೆಳಕಿನ ಎಳೆಯೂ ತೂರಬಾರದು ಎಂಬುದು ಅವನ ಹಟ. ಕೆಲಸ ಮುಗಿದ ಮೇಲೆ ಶೆಡ್ಡಿನ ಬಾಗಿಲು ಹಾಕಿಕೊಂಡು, ತಗಡಿನ ಒಳಗಡೆ ಬಲ್ಬು ಹಿಡಿದು, ಹೊರಗಡೆ ಬೆಳಕು ಬಂತೇ ಎಂದು ಬಗ್ಗಿ ನೋಡುತ್ತಿದ್ದ. ಬರದಿದ್ದರೆ ಅವನಿಗೆ ಆ ದಿನ ಊಟ ರುಚಿ.

ಅವನ ಬಳಿಗೆ ಒಬ್ಬ ಹಾಲಿನವನು ಬಂದ. ಹಳ್ಳದ ಆಚೆಯ ಮೂರು ಊರುಗಳಿಂದ ಹಾಲಿನ ಕ್ಯಾನು ತುಂಬಿಕೊಂಡು ಡೇರಿಗೆ ಮುಟ್ಟಿಸುವವನು. ಆ ಊರುಗಳ ದಾರಿಯೆಲ್ಲ ಎರೆಮಣ್ಣು. ಮಳೆಗಾಲದಲ್ಲಿ ಎರೆ ಎಂದರೆ ಏನೆಂದು ನಿನಗೆ ಹೇಳಬೇಕಾಗಿಲ್ಲ. ಒಮ್ಮೆ ಹಿಡಿಯಿತೆಂದರೆ ಚಪ್ಪಲಿಯನ್ನೂ ಬಿಡುವುದಿಲ್ಲ, ಟ್ರಕ್ಕನ್ನೂ ಬಿಡುವುದಿಲ್ಲ. ಅದಕ್ಕೆಂದು ಅವನು ತನ್ನ ಸಣ್ಣ ಟ್ರಕ್ಕಿಗೆ ದೊಡ್ಡ ಟೈರು ಹಾಕಿಸಿದ್ದ. ದೊಡ್ಡ ಟೈರು ಟ್ರಕ್ಕಿನ ಮೇಲಿನ ಬಾಡಿಗೆ ತಾಗುತ್ತದೆ. ತಾಗಬಾರದೆಂದು ಬಾಡಿಯನ್ನು ಚಾಸಿಯ ಮೇಲಿಂದ ನಾಲ್ಕು ಬೆರಳು ಎತ್ತಿಸಿ, ನಡುವೆ ಗಟ್ಟಿ ರಬ್ಬರಿನ ತುಂಡುಗಳನ್ನು ಇಡಿಸಿ, ಉದ್ದದ ಬೋಲ್ಟು ಬಿಗಿಸಿದ್ದ.

ಟ್ರಕ್ಕಿನಲ್ಲಿ ಚಾಸಿ ಬೇರೆ, ಬಾಡಿ ಬೇರೆ. ಭಾರ ಹೊರುವುದು, ಚಕ್ರ ಹಿಡಿಯುವುದು ಕೆಳಗಿನ ಚಾಸಿ. ನಾವು ನೋಡುವುದು ಮೇಲಿನ ಬಾಡಿಯನ್ನು, ಬಣ್ಣ ಬಳಿಯುವುದೂ ಅದಕ್ಕೇ. ಮೂವತ್ತು ವರ್ಷ ಬಸ್ಸಿನಲ್ಲಿ ನಿಂತವನು ನೀನು, ಇದನ್ನು ನೀನೇ ನನಗೆ ಹೇಳಬಹುದಿತ್ತು.

ಟ್ರಕ್ಕು ಈಗ ಎರೆಯಲ್ಲಿ ಸಿಕ್ಕಿಬೀಳುತ್ತಿರಲಿಲ್ಲ. ಆದರೆ ಬಾಡಿಗೂ ಚಾಸಿಗೂ ನಡುವೆ ಸಂದು ಬಿಟ್ಟುಕೊಂಡಿತ್ತು. ಮುಂದಿನ ಚಕ್ರ ಎರಚಿದ ಕೆಸರು ಆ ಸಂದಿನಿಂದ ನೇರ ಇಂಜಿನ್ನಿಗೆ ನುಗ್ಗುತ್ತಿತ್ತು. ಕೆಸರು ಮೆತ್ತಿದ ಇಂಜಿನ್ನು ಕಾದು ನಿಲ್ಲುತ್ತಿತ್ತು. ಇಂಜಿನ್ನು ಆರುವಷ್ಟರಲ್ಲಿ ಹಾಲು ಒಡೆಯುತ್ತಿತ್ತು.

“ಈ ಸಂದು ಮುಚ್ಚಿಕೊಡ್ರಿ ಮಿಸ್ತ್ರಿ. ಕೆಸರು ಒಳಗ ಬರಬಾರದು, ಅಷ್ಟ ಸಾಕು” ಎಂದ ಹಾಲಿನವನು.

ಮಿಸ್ತ್ರಿಗೆ ಮೊದಲ ಮಾತು ಕೇಳಿಸಿತು. ಅಷ್ಟೇ ಸಾಕು ಎಂದದ್ದನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೈ ಒಳ್ಳೆಯದಿದ್ದವರಿಗೆ ಅಷ್ಟೇ ಸಾಕು ಎಂಬ ಮಾತು ಅವಮಾನದಂತೆ ಕೇಳುತ್ತದೆ.

ಅವನು ಟ್ರಕ್ಕನ್ನು ಶೆಡ್ಡಿನ ಸಮನೆಲದ ಮೇಲೆ ನಿಲ್ಲಿಸಿದ. ಚಕ್ರ ಬಿಚ್ಚಿದ. ರಟ್ಟಿನಲ್ಲಿ ಅಳತೆ ಕತ್ತರಿಸಿದ. ಆ ಅಳತೆಗೆ ತಗಡು ಕತ್ತರಿಸಿ, ಬಾಗಿಸಿ, ಸಂದಿಗೆ ಮರೆ ಮಾಡಿದ. ಮರೆಯ ಮೇಲಂಚನ್ನು ಬಾಡಿಗೆ ಬೋಲ್ಟು ಹಾಕಿ ಬಿಗಿದ, ಕೆಳಂಚನ್ನು ಚಾಸಿಗೆ ಬೋಲ್ಟು ಹಾಕಿ ಬಿಗಿದ. ಬಲ್ಬು ಹಿಡಿದು ನೋಡಿದ. ಬೆಳಕು ಬರಲಿಲ್ಲ. ತಗಡು ಟ್ರಕ್ಕಿನ ಜೊತೆಗೇ ಹುಟ್ಟಿದಂತೆ ಕೂತಿತ್ತು. ಹಾಲಿನವನು ಕೈಮುಗಿದು ಹೋದ.

ಆರನೆಯ ದಿನ ಟ್ರಕ್ಕು ತಿರುಗಿ ಬಂತು. ಬೋಲ್ಟುಗಳ ಸುತ್ತ ತಗಡು ಹರಿದಿತ್ತು. ಹರಿದಲ್ಲಿಂದ ಕೆಸರು ನುಗ್ಗಿ ಇಂಜಿನ್ನು ನಿಂತಿತ್ತು, ಆ ದಿನದ ಹಾಲು ಒಡೆದಿತ್ತು. ಮಿಸ್ತ್ರಿ ತಗಡನ್ನು ಬೈದ. ಅದರ ಎರಡರಷ್ಟು ದಪ್ಪದ ತಗಡು ತಂದ. ಅದನ್ನು ಬಾಗಿಸುವುದಕ್ಕೆ ಅವನ ಎರಡೂ ರಟ್ಟೆ ಸೋತವು. ಮೊದಲಿಗಿಂತ ದಪ್ಪನೆಯ ಬೋಲ್ಟುಗಳನ್ನು ಎರಡೂ ಕಡೆ ಬಿಗಿದ. ಬಲ್ಬು ಹಿಡಿದು ನೋಡಿದ. ಬೆಳಕು ಬರಲಿಲ್ಲ.

ಈ ಸಲ ಮೂರು ವಾರ ತಡೆಯಿತು. ಟ್ರಕ್ಕು ದಾರಿಯುದ್ದಕ್ಕೂ ನರಳುತ್ತಿದೆ ಎಂದು ಹಾಲಿನವನು ಒಂದೆರಡು ಬಾರಿ ಬಂದು ಹೇಳಿದ. ಹೊಸದು, ಕೂತುಕೊಳ್ಳುತ್ತದೆ ಎಂದ ಮಿಸ್ತ್ರಿ. ಅದು ಕೂತುಕೊಳ್ಳಲಿಲ್ಲ. ಒಂದು ದಿನ ಹಳ್ಳ ದಾಟುವಾಗ ಬೋಲ್ಟುಗಳು ಸಾಲಾಗಿ ತುಂಡಾದವು. ಟ್ರಕ್ಕು ಎರಡು ದಿನ ನಿಂತಿತು. ಆಚೆಯ ಊರಿನವರು ಆ ಎರಡು ದಿನ ಹಾಲನ್ನು ಕರುಗಳಿಗೇ ಬಿಟ್ಟರು. ಇನ್ನೊಬ್ಬ ಗಾಡಿಯವನನ್ನು ನೋಡಬೇಕು ಎಂಬ ಮಾತು ಅವರಲ್ಲಿ ಎದ್ದಿತು. ಹಾಲಿನವನು ಅದನ್ನು ಮಿಸ್ತ್ರಿಗೆ ಹೇಳುವಾಗ ಅವನ ದನಿ ಸಣ್ಣದಾಗಿತ್ತು.

ಮಿಸ್ತ್ರಿಗೆ ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೆ ಇನ್ನೂ ಗಟ್ಟಿ ಮಾಡಿದ. ಎರಡೂ ಕಡೆ ಕಬ್ಬಿಣದ ಪಟ್ಟಿ ಕೊಟ್ಟು ವೆಲ್ಡಿಂಗ್ ಮಾಡಿಬಿಟ್ಟ. ಎರಡು ದಿನ ಶೆಡ್ಡಿಗೆ ಬಂದ ಬೇರೆ ಗಾಡಿಗಳನ್ನು ಮುಟ್ಟಲಿಲ್ಲ. ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ. ವೆಲ್ಡಿಂಗಿನ ಬೆಳಕಿಗೆ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಇನ್ನು ಇದು ಹರಿದರೆ ನಾನು ಕಸುಬು ಬಿಡುತ್ತೇನೆ ಎಂದು ಹಾಲಿನವನಿಗೆ ಹೇಳಿ ಕಳಿಸಿದ.

ಅದು ಹರಿಯಲಿಲ್ಲ.

ಒಂದೂವರೆ ತಿಂಗಳಾದ ಮೇಲೆ ಟ್ರಕ್ಕು ಮೆಲ್ಲಗೆ ಬಂದು ಶೆಡ್ಡಿನ ಮುಂದೆ ನಿಂತಿತು. ಬಾಗಿಲು ಮುಚ್ಚಲು ಬಾರದೆ ಹಗ್ಗ ಹಾಕಿ ಕಟ್ಟಿದ್ದರು. ಮಿಸ್ತ್ರಿ ಬಗ್ಗಿ ನೋಡಿದ. ಅವನು ಹಾಕಿದ ಮರೆ ಮೊದಲ ದಿನ ಹೇಗಿತ್ತೋ ಹಾಗೇ ಇತ್ತು. ಒಂದು ಗೀರೂ ಇರಲಿಲ್ಲ. ಬಾಡಿ ಮಾತ್ರ ಬುಡದಿಂದ ಎರಡು ಕಡೆ ಗೇಣುದ್ದ ಸೀಳಿತ್ತು. ಮರೆ ಗಟ್ಟಿಯಾಗಿದ್ದುದಕ್ಕೆ ಟ್ರಕ್ಕೇ ಒಡೆದಿತ್ತು.

ಇಲ್ಲಿ ಗದಿಗೆಪ್ಪ ತಲೆ ಎತ್ತಿದ. ಗುರುಗಳು ಅವನನ್ನು ನೋಡದೆ ಮುಂದುವರಿಸಿದರು.

ಹಾಲಿನವನು ಕೂಗಾಡಲಿಲ್ಲ. ಕೂಗಾಡುವಷ್ಟು ತ್ರಾಣ ಅವನಲ್ಲೂ ಉಳಿದಿರಲಿಲ್ಲ.

“ಮಿಸ್ತ್ರಿ, ನೀವು ಕೈ ಹಚ್ಚೂಕಿಂತ ಮೊದಲ ನನಗ ಕೆಸರಿನ ಕಾಟ ಒಂದ ಇತ್ತರಿ” ಎಂದ.

ಮಿಸ್ತ್ರಿ ಅಲ್ಲೇ ಇದ್ದ ಆಯಿಲ್ ಡಬ್ಬಿಯ ಮೇಲೆ ಕೂತ. ಮೊದಲು ಅವನಿಗೆ ಸಿಟ್ಟು ಬಂತು. ಊಟ ಬಿಟ್ಟು ಮಾಡಿದ ಕೆಲಸ, ಕಣ್ಣು ಸುಟ್ಟುಕೊಂಡು ಮಾಡಿದ ಕೆಲಸ. ಯಾರಿಗೂ ಇಷ್ಟು ಮಾಡಿರಲಿಲ್ಲ. ಆಮೇಲೆ ಸಿಟ್ಟು ಇಳಿದು ನಾಚಿಕೆಯಾಯಿತು. ನಾಚಿಕೆಯೂ ಇಳಿದ ಮೇಲೆ ಬರೀ ದಣಿವು ಉಳಿಯಿತು. ದಣಿವಿನಿಂದ ಒಂದು ಉಪಕಾರವಾಯಿತು. ತಾನು ಈ ಟ್ರಕ್ಕನ್ನು ನಿಂತಾಗ ಮಾತ್ರ ನೋಡಿದ್ದೇನೆ, ಓಡುವಾಗ ಒಮ್ಮೆಯೂ ನೋಡಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಅಳತೆ ತೆಗೆದದ್ದು ನಿಂತಾಗ, ಬೋಲ್ಟು ಬಿಗಿದದ್ದು ನಿಂತಾಗ, ಬಲ್ಬು ಹಿಡಿದದ್ದೂ ನಿಂತಾಗ.

ಅವನು ವೆಲ್ಡಿಂಗ್ ಕತ್ತರಿಸಿ ಮರೆ ಕಿತ್ತುಹಾಕಿದ. ಬಾಡಿಯ ಸೀಳು ಬೆಸೆದ. ಮರುದಿನ ತಾನೂ ಟ್ರಕ್ಕಿನಲ್ಲಿ ಹೋದ. ಮುಂದೆ ಕೂರಲಿಲ್ಲ. ಹಿಂದೆ ಕ್ಯಾನುಗಳ ನಡುವೆ ಒಂದು ಹಲಗೆ ತೆಗೆಸಿ, ಬೋರಲು ಮಲಗಿ, ಆ ಕಿಂಡಿಯಿಂದ ಕೆಳಗೆ ನೋಡುತ್ತಾ ಹೋದ.

ಹೆದ್ದಾರಿಯಲ್ಲಿ ಏನೂ ಕಾಣಲಿಲ್ಲ. ಎರೆಗೆ ಇಳಿದ ಮೇಲೆ ಕಂಡಿತು. ಎಡಗಡೆಯ ಚಕ್ರ ಗುಂಡಿಗೆ ಬಿದ್ದಾಗ ಚಾಸಿ ಒಂದು ಮಗ್ಗುಲಿಗೆ ತಿರುಚಿಕೊಳ್ಳುತ್ತಿತ್ತು. ಬಾಡಿ ಒಂದು ಕ್ಷಣ ತಡೆದು ಇನ್ನೊಂದು ಮಗ್ಗುಲಿಗೆ ವಾಲುತ್ತಿತ್ತು. ನಾಲ್ಕು ಬೆರಳಿನ ಸಂದು ಮೂರು ಬೆರಳಾಗುತ್ತಿತ್ತು, ಐದಾಗುತ್ತಿತ್ತು, ಮತ್ತೆ ನಾಲ್ಕಾಗುತ್ತಿತ್ತು. ಮುಖಕ್ಕೆ ಕೆಸರು ಹಾರಿದರೂ ಅವನು ಏಳಲಿಲ್ಲ. ಮೂರು ಊರು ಸುತ್ತಿ ಡೇರಿ ಮುಟ್ಟುವವರೆಗೂ ನೋಡಿದ.

ಅವೆರಡೂ ಜಗಳವಾಡುತ್ತಿರಲಿಲ್ಲ, ನಡೆಯುತ್ತಿದ್ದವು. ಅಂಥ ದಾರಿಯಲ್ಲಿ ಅಷ್ಟು ಭಾರ ಹೊತ್ತು ನಡೆಯಬೇಕಾದರೆ ಇದು ಇತ್ತ ಹೊರಳಲೇಬೇಕು, ಅದು ಅತ್ತ ವಾಲಲೇಬೇಕು. ಅವೆರಡನ್ನೂ ಹಿಡಿದಿಡಲು ಬೇರೆ ಬೋಲ್ಟುಗಳಿದ್ದವು, ರಬ್ಬರಿನ ತುಂಡುಗಳಿದ್ದವು. ಬಾಡಿ ಎತ್ತಿ ಕೂರಿಸಿದವನು ಅವನ್ನು ಮೊದಲೇ ಇಟ್ಟಿದ್ದ. ಅವನ್ನು ಹಿಡಿದಿಡು ಎಂದು ಮಿಸ್ತ್ರಿಗೆ ಯಾರೂ ಹೇಳಿರಲಿಲ್ಲ, ಕೆಸರು ತಡೆ ಎಂದಷ್ಟೇ ಹೇಳಿದ್ದರು. ಹಿಡಿದಿಡುವ ಕೆಲಸವನ್ನು ಅವನೇ ಮೈಮೇಲೆ ಎಳೆದುಕೊಂಡಿದ್ದ. ಮೂರು ಬಾರಿ ಒಡೆದದ್ದೂ ಅದರಿಂದಲೇ.

ಮರುದಿನ ಅವನು ಟ್ರ್ಯಾಕ್ಟರ್ ಟೈರಿನ ಹಳೆಯ ರಬ್ಬರ್ ಟ್ಯೂಬು ಕತ್ತರಿಸಿ ಮರೆ ಮಾಡಿದ. ಮೇಲಂಚನ್ನು ಮಾತ್ರ ಬಾಡಿಗೆ ಬೋಲ್ಟು ಹಾಕಿ ಬಿಗಿದ. ಕೆಳಗಡೆ ಚಾಸಿಗಿಂತ ಎರಡು ಬೆರಳು ಕೆಳಗೆ ಇಳಿಯುವಂತೆ ಹಾಗೇ ಇಳಿಬಿಟ್ಟ. ರೂಢಿಯಂತೆ ಬಲ್ಬು ಹಿಡಿದು ನೋಡಿದ. ಕೆಳಗಿನಿಂದ ಉದ್ದಕ್ಕೂ ಬೆಳಕು ಚೆಲ್ಲಿತು. ಅವನ ಕೈ ತುರಿಸಿತು. ಒಂದೇ ಒಂದು ಬೋಲ್ಟು ಎಂದುಕೊಂಡು ಡಬ್ಬಿಯಿಂದ ತೆಗೆದ. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದು ವಾಪಸು ಹಾಕಿದ. ಅವನ ಜೀವಮಾನದಲ್ಲಿ ಅದಕ್ಕಿಂತ ಕಷ್ಟದ ಕೆಲಸವನ್ನು ಅವನು ಮಾಡಿರಲಿಲ್ಲ.

“ಇದೇನ್ರಿ, ಕೆಳಗ ಹಂಗ ಜೋತಾಡಾಕ ಬಿಟ್ಟೀರಿ?” ಎಂದ ಹಾಲಿನವನು.

“ಜೋತಾಡಲಿ. ಕೆಸರು ಒಳಗ ಬಂದರ ಬಂದು ಹೇಳ್ರಿ” ಎಂದ ಮಿಸ್ತ್ರಿ.

ಟ್ರಕ್ಕು ಹೋಯಿತು. ಆರು ದಿನವಾಯಿತು, ಬರಲಿಲ್ಲ. ಮೂರು ವಾರವಾಯಿತು, ಬರಲಿಲ್ಲ. ಹೊರಗೆ ಹಾರನ್ನು ಕೇಳಿದಾಗಲೆಲ್ಲ ಮಿಸ್ತ್ರಿ ಕೆಲಸ ಬಿಟ್ಟು ತಲೆ ಎತ್ತುತ್ತಿದ್ದ. ಬೇರೆ ಯಾರದೋ ಗಾಡಿಯಾಗಿರುತ್ತಿತ್ತು. ತನ್ನ ಮೇಲೆ ನಂಬಿಕೆ ಹೋಗಿ ಹಾಲಿನವನು ಬೇರೆ ಶೆಡ್ಡು ಹಿಡಿದಿರಬೇಕು ಎಂದುಕೊಂಡ. ಹಾಗೆ ಎಂದುಕೊಂಡರೆ ಸಂಕಟವಾಗುತ್ತಿತ್ತು. ಕೆಲಸ ಸರಿಯಾಗಿರಬಹುದು ಎಂದುಕೊಂಡ. ಆಶ್ಚರ್ಯವೆಂದರೆ ಹಾಗೆ ಎಂದುಕೊಂಡಾಗಲೂ ಸಂಕಟವಾಗುತ್ತಿತ್ತು.

ಮಳೆಗಾಲ ಮುಗಿಯುತ್ತಾ ಬಂದಾಗ ಒಂದು ದಿನ ಸಂತೆಯಲ್ಲಿ ಆ ಟ್ರಕ್ಕು ನಿಂತಿದ್ದು ಕಂಡಿತು. ಮಿಸ್ತ್ರಿ ಹತ್ತಿರ ಹೋಗಿ, ಬಗ್ಗಿ, ರಬ್ಬರನ್ನು ಎತ್ತಿ ನೋಡಿದ. ಹೊರಗಡೆ ಬೆರಳು ದಪ್ಪ ಕೆಸರು ಮೆತ್ತಿತ್ತು. ಒಳಗಡೆ ಒಣಗಿತ್ತು. ಹಾಲಿನವನು ಪಕ್ಕದ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ. ಯಾಕೆ ಬರಲೇ ಇಲ್ಲ ಎಂದು ಮಿಸ್ತ್ರಿ ಕೇಳಿದ.

“ಯಾಕ ಬರಬೇಕರಿ? ಅದು ಅಲ್ಲಿ ಐತಿ ಅನ್ನೂದ ಮರ್ತೀನಿ” ಎಂದ ಹಾಲಿನವನು. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಇನ್ನೊಂದು ಚಹಾ ಹೇಳಿದ, ಇಬ್ಬರೂ ಕುಡಿದರು.

ಮಿಸ್ತ್ರಿ ಶೆಡ್ಡಿನ ಕಡೆಗೆ ನಡೆದ. ಅವನಿಗೆ ಸಂತೋಷವಾಗಬೇಕಿತ್ತು, ಆಗಿತ್ತು ಕೂಡ. ಆದರೂ ಕಾಲು ಬೇಗ ಏಳಲಿಲ್ಲ. ಹರಿದ ತಗಡು ಅವನನ್ನು ಮತ್ತೆ ಮತ್ತೆ ಕರೆದಿತ್ತು, ಬೈದಾದರೂ ಕರೆದಿತ್ತು. ತಾನು ಮಾಡಿದ ಕೆಲಸಗಳಲ್ಲೆಲ್ಲ ಒಳ್ಳೆಯದಾಗಿದ್ದ ಇದಕ್ಕೆ ಅವನ ನೆನಪೂ ಬೇಕಾಗಿರಲಿಲ್ಲ. ಮೂರು ಸೋಲುಗಳನ್ನು ಅವನು ಒಂದು ಮಳೆಗಾಲದಲ್ಲಿ ನುಂಗಿಕೊಂಡಿದ್ದ. ಈ ಒಂದು ಗೆಲುವನ್ನು ನುಂಗಿಕೊಳ್ಳಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಗುರುಗಳು ಕತೆ ನಿಲ್ಲಿಸಿ ಚಾಚಿದ ಕಾಲು ಮಡಚಿಕೊಂಡರು.

ಗದಿಗೆಪ್ಪನ ಮುಖ ಸ್ವಲ್ಪ ತಿಳಿಯಾಗಿತ್ತು. ಮೂರು ವರ್ಷ ತಾನು ಮಾಡಿದ್ದೇನೆಂದು ಅವನಿಗೆ ಗೊತ್ತಾಗಿತ್ತು, ಗೊತ್ತಾದ ಸಮಾಧಾನ ಮುಖದಲ್ಲಿ ಕಾಣುತ್ತಿತ್ತು. ಅವನು ಎರಡೂ ಕೈ ಜೋಡಿಸಿದ.

“ತಿಳೀತ್ರಿ ಅಜ್ಜಾರ. ನಾ ಎರಡೂ ಕಡೆ ಬೋಲ್ಟ ಬಿಗದೀನಿ. ನಾಳೆ ಮುಂಜಾನೆ ಮೊದಲನೇ ಬಸ್ಸಿಗೇ ಹೋಗಿ ಸರಿಮಾಡತೀನ್ರಿ. ಇನ್ನ ಮ್ಯಾಲ ಅವರ ಮಾತು ಇವರಿಗೆ ಹೇಳೂದಿಲ್ಲ, ಇವರ ಮಾತು ಅವರಿಗೆ ಹೇಳೂದಿಲ್ಲ. ಸುಮ್ಮನ ಅಲ್ಲೇ ಇದ್ದು ನೋಡಿಕೋತೀನಿ.”

ಗುರುಗಳಿಗೆ ಅವನನ್ನು ಬೈಯುವ ಮನಸ್ಸಾಗಲಿಲ್ಲ. ಮೆಲ್ಲಗೆ ಕೇಳಿದರು:

“ಅವರಿಬ್ಬರೂ ಚಂದಾಗಿ ಬಾಳೇವ ಮಾಡಾಕ ಹತ್ತಿದ ದಿನ ನೀ ಎಲ್ಲಿಗೆ ಹೋಗತೀ, ಗದಿಗೆಪ್ಪಾ?”